ಹೋಬಳಿಯ ಎಸ್‌ಡಿಎಂಸಿ ಅಧ್ಯಕ್ಷರು, ಪಂಚಾಯ್ತಿಯವರು, ಬಿಇಒ, ಎಂಎಲ್‌ಎ ಎಲ್ಲರನ್ನೂ ಒಂದೇ ಕಡೆ ಕೂರಿಸೋದು: ಯಾರಾದ್ರೂ ಮಾಡಿದೀರಾ?

ಬಯಲುಸೀಮೆ_ಅಪ್ಪ
ಎಲ್ರಿಗೂ ನಮಸ್ಕಾರ. ತುಮಕೂರು ಜಿಲ್ಲೆ ಕಡೆಯವನು ನಾನು. ಮಗಳು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ ಆರನೇ ಕ್ಲಾಸು, ನಾನು ಅಲ್ಲಿ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿ, ಅಧ್ಯಕ್ಷ.

ವಿಷಯ ಏನಪ್ಪಾ ಅಂದ್ರೆ ನಮ್ಮ ಹೋಬಳೀಲಿ ಪ್ರತಿ ಶಾಲೇದೂ ಹೆಚ್ಚುಕಮ್ಮಿ ಒಂದೇ ಗೋಳು, ಆದ್ರೆ ಎಲ್ರೂ ಬೇರೆ ಬೇರೆ ಹೋಗಿ ಅರ್ಜಿ ಕೊಡ್ತೀವಿ. ನಮ್ಮೂರಿಗೆ ಕಷ್ಟಪಟ್ಟು ಒಬ್ರು ಗಣಿತದ ಮೇಷ್ಟ್ರು ಬಂದ್ರು, ಮೂರು ತಿಂಗಳಲ್ಲಿ ಅವರನ್ನ ನಿಯೋಜನೆ ಮೇಲೆ ಇನ್ನೊಂದು ಊರಿಗೆ ಹಾಕಿದ್ರು, ಯಾಕೆ ಅಂದ್ರೆ ಆ ಊರಿನೋರು ನಮಗಿಂತ ಮುಂಚೆ ಹೋಗಿ ದೊಡ್ಡೋರ ಹತ್ರ ಹೇಳಿಸಿದ್ರಂತೆ. ಈಗ ನಾವೂ ಹೋಗಿ ಹೇಳಿಸಿದ್ರೆ ಮೂರನೇ ಊರಿಂದ ಒಬ್ರನ್ನ ಕಿತ್ಕೊಂಡು ಬರ್ತಾರೆ ಅಷ್ಟೇ. ಕೊನೇಗೆ ಯಾವ ಊರಲ್ಲಿ ಹೇಳೋರು ಕೇಳೋರು ಇಲ್ವೋ, ಅಂದ್ರೆ ಕಾಲೋನಿ ಶಾಲೆ, ಹಟ್ಟಿ ಶಾಲೆ, ತಾಂಡಾ ಶಾಲೆ, ಅಲ್ಲಿ ಒಬ್ರೇ ಮೇಷ್ಟ್ರು ಉಳೀತಾರೆ.

ಅದಕ್ಕೇ ಹೋಬಳಿ ಮಟ್ಟದಲ್ಲಿ ಎಲ್ಲಾ ಎಸ್‌ಡಿಎಂಸಿ ಅಧ್ಯಕ್ಷರು, ಹೆಡ್‌ಮಾಸ್ಟರ್‌ಗಳು, ಗ್ರಾಮ ಪಂಚಾಯ್ತಿ ಅಧ್ಯಕ್ಷರು, ತಾಲೂಕು ಶಿಕ್ಷಣಾಧಿಕಾರಿ ಅಂದ್ರೆ ಬಿಇಒ, ಆಗೋದಾದ್ರೆ ಎಂಎಲ್‌ಎ, ಎಲ್ರನ್ನೂ ಒಂದ್ಸಲ ಕೂರಿಸಿ ಇಡೀ ಹೋಬಳಿ ಲೆಕ್ಕ ಮುಂದಿಟ್ಟು ಮಾತಾಡ್ಬೇಕು ಅನ್ನೋ ಆಸೆ. ಹೆಂಗೆ ಮಾಡೋದು, ಯಾರು ಕರೀಬೇಕು, ಏನು ಕೇಳ್ಬೇಕು? ಅನುಭವ ಇರೋರು ಹೇಳಿ.

ಚಾಕ್‌ಪೀಸ್_ಮೇಷ್ಟ್ರು
ಸರ್, ನಾನು ಕಿರಿಯ ಪ್ರಾಥಮಿಕ ಶಾಲೆ ಮೇಷ್ಟ್ರು, ಜಿಲ್ಲೆ ಹೇಳಲ್ಲ. ನಿಯೋಜನೆ ವಿಷಯ ನೂರಕ್ಕೆ ನೂರು ನಿಜ. ಕಾಗದದಲ್ಲಿ ಹುದ್ದೆ ನಿಮ್ಮ ಶಾಲೇದು, ಸಂಬಳ ನಿಮ್ಮ ಶಾಲೆ ಹೆಸರಲ್ಲೇ, ಮನುಷ್ಯ ಮಾತ್ರ ಬೇರೆ ಕಡೆ. ಹಂಗಾಗಿ ಖಾಲಿ ಹುದ್ದೆ ಪಟ್ಟೀಲಿ ನಿಮ್ಮ ಶಾಲೆ ಬರೋದೇ ಇಲ್ಲ, ಅತಿಥಿ ಶಿಕ್ಷಕರನ್ನ ಕೇಳಿದ್ರೂ 'ನಿಮ್ಮಲ್ಲಿ ಹುದ್ದೆ ಭರ್ತಿ ಇದೆಯಲ್ಲ' ಅಂತಾರೆ.

ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಶೆಡ್ಯೂಲ್ ಪ್ರಕಾರ ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ 2 ಮೇಷ್ಟ್ರು. ಕೇಳೋಕೆ ಚೆನ್ನಾಗಿದೆ, 30ಕ್ಕೆ ಒಬ್ರು. ಆದ್ರೆ ಕ್ಲಾಸು ಐದು. ಇಬ್ರಲ್ಲಿ ಒಬ್ರು ಟ್ರೈನಿಂಗು, ಒಬ್ರು ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ ಅಂತ ಹೋದ್ರೆ ಅವತ್ತು ಬಿಸಿಯೂಟದ ಅಕ್ಕನೇ ಹೆಡ್‌ಮಾಸ್ಟ್ರು. 2025ರ ದಸರಾದಲ್ಲಿ ನಮ್ಮನ್ನ ಜಾತಿ ಸಮೀಕ್ಷೆಗೆ ಹಾಕಿ ರಜೇನೇ ಅಕ್ಟೋಬರ್ 18ರವರೆಗೆ ಎಳೆದ್ರಲ್ಲ, ಆ ಪಾಠ ಹಿಡಿಯೋಷ್ಟರಲ್ಲಿ ಸಾಕಾಗೋಯ್ತು.

ಮೀಟಿಂಗ್ ಮಾಡಿ, ಖಂಡಿತ ಮಾಡಿ. ಆದ್ರೆ ಹೆಡ್‌ಮಾಸ್ಟರ್‌ಗಳು ಎಂಎಲ್‌ಎ, ಬಿಇಒ ಮುಂದೆ ಬಾಯಿ ಬಿಡ್ತಾರೆ ಅಂತ ನಂಬ್ಕೋಬೇಡಿ. ಅವರಿಗೂ ಟ್ರಾನ್ಸ್‌ಫರ್ ಇದೆ, ಇನ್‌ಕ್ರಿಮೆಂಟ್ ಇದೆ. ಮಾತು ನೀವು ಪೋಷಕರು ಆಡ್ಬೇಕು, ಅಂಕಿಅಂಶ ನಾವು ಕೊಡ್ತೀವಿ.

ಮಾಜಿ_ಮೆಂಬರ್
ನಾನು ಒಂದು ಅವಧಿ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದೆ, ಮಹಿಳಾ ಮೀಸಲಲ್ಲಿ ಗೆದ್ದಿದ್ದು, ಮೊದಲನೇ ವರ್ಷ ಎಲ್ಲಾ ಯಜಮಾನರನ್ನೇ ಕರೀತಿದ್ರು ಮೀಟಿಂಗಿಗೆ, ಅದು ಬೇರೆ ಕಥೆ ಬಿಡಿ.

ಅಣ್ಣಾ, ನೀವು ಹೊಸದಾಗಿ ಟೇಬಲ್ ಹಾಕೋ ಮುಂಚೆ ಇರೋ ಟೇಬಲ್ ನೋಡಿ. ಕೆಡಿಪಿ ಸಭೆ ಅಂತ ಇದೆ, ಇಲಾಖೆಗಳ ಕೆಲಸದ ಪ್ರಗತಿ ನೋಡೋ ಸಭೆ. ತಾಲೂಕಲ್ಲಿ ಎಂಎಲ್‌ಎ ಅಧ್ಯಕ್ಷತೆ, ಜಿಲ್ಲೇಲಿ ಉಸ್ತುವಾರಿ ಮಂತ್ರಿ ಅಧ್ಯಕ್ಷತೆ, ಎಲ್ಲಾ ಇಲಾಖೆಯವರೂ ಬರ್ತಾರೆ, ಶಿಕ್ಷಣ ಇಲಾಖೇನೂ ಬರುತ್ತೆ. ಪಂಚಾಯ್ತಿ ಮಟ್ಟದಲ್ಲೂ ಕೆಡಿಪಿ ಇದೆ. ನಿಮ್ಮ ಮೇಷ್ಟ್ರು ವಿಷಯ, ಬಿಲ್ಡಿಂಗ್ ವಿಷಯ ಎಲ್ಲಾ ಅಲ್ಲಿ ಓದ್ತಾರೆ, 'ಪ್ರಗತಿಯಲ್ಲಿದೆ' ಅಂತ ಬರ್ಕೋತಾರೆ, ಮುಂದಿನ ಇಲಾಖೆಗೆ ಹೋಗ್ತಾರೆ. ಅಲ್ಲಿ ಇಲ್ದೇ ಇರೋದು ಪೋಷಕರು ಮಾತ್ರ. ಮೊದಲು ಅಲ್ಲಿಗೆ ಎಸ್‌ಡಿಎಂಸಿಯೋರು ಇಬ್ರು ಕೂರೋ ಹಾಗೆ ಮಾಡಿಸಿ.

ಎರಡನೇದು ಏನಂದ್ರೆ ನಡಾವಳಿ. ಬಾಯಲ್ಲಿ ಒಪ್ಕೊಂಡಿದ್ದು ಚಹಾ ಕುಡಿಯೋ ಹೊತ್ತಿಗೆ ಮರ್ತಿರ್ತಾರೆ. ಪಿಡಿಒ ಹತ್ರ ಠರಾವು ಬರೆಸಿ ನಂಬರ್ ಹಾಕಿಸಿ. ನಮ್ಮಲ್ಲಿ ಮಕ್ಕಳ ಗ್ರಾಮ ಸಭೇಲಿ ಏಳನೇ ಕ್ಲಾಸ್ ಹುಡುಗಿ ಎದ್ದು ನಿಂತು 'ಹೆಣ್ಮಕ್ಳ ಟಾಯ್ಲೆಟ್ಟಿಗೆ ನೀರಿಲ್ಲ, ಅದಕ್ಕೇ ನಾವು ತಿಂಗಳಲ್ಲಿ ನಾಲ್ಕು ದಿನ ಬರಲ್ಲ' ಅಂದ್ಲು, ಗಂಡಸ್ರೆಲ್ಲಾ ನೆಲ ನೋಡಿದ್ರು. ಠರಾವಾಯ್ತು, ಪೈಪ್‌ಲೈನ್ ಬಂತು, ಕಾಂಪೌಂಡು ನರೇಗಾದಲ್ಲಿ ಆಯ್ತು. ಅದೇ ವಿಷಯ ನಾನು ಮೆಂಬರಾಗಿ ಎರಡು ಸಾಮಾನ್ಯ ಸಭೇಲಿ ಹೇಳಿದ್ದೆ, ಆಗ ಒಬ್ರೂ ಕಿವಿಗೆ ಹಾಕ್ಕೊಂಡಿರ್ಲಿಲ್ಲ.

ಎಡದೊರೆನಾಡ_ಮಂದಿ
ನೀವು ಗಣಿತ ಮಾಸ್ತರ್ ಹೋದ ಅಂತ ಅಳ್ತೀರಿ, ನಮ್ಮ ರಾಯಚೂರು ಕಡಿ ಬರ್ರಿ ಒಮ್ಮೆ. ನಂಜುಂಡಪ್ಪ ಸಮಿತಿ ವರದಿ 2002ರಾಗ ಬಂತು. ರಾಜ್ಯದಾಗ 114 ತಾಲೂಕು ಹಿಂದುಳಿದಾವ ಅಂದ್ರು, ಅದರಾಗ 39 ಅತ್ಯಂತ ಹಿಂದುಳಿದಾವ ಅಂದ್ರು, ಆ 39ರಾಗ 21 ನಮ್ಮ ಗುಲಬರ್ಗಾ ವಿಭಾಗದಾಗೇ ಅದಾವ. ಆಮ್ಯಾಲ ನಮ್ಮ ಭಾಗಕ್ಕ ವಿಶೇಷ ಸ್ಥಾನ ಕೊಡೂ 371ಜೆ ಬಂತು, ಅಭಿವೃದ್ಧಿ ಮಂಡಳಿ ಬಂತು, ರೊಕ್ಕ ಬಂತು. ರೊಕ್ಕದ ಕೊರತಿ ಅಂತ ಈಗ ಯಾರೂ ಅನ್ನಂಗಿಲ್ಲ. ಬಿಲ್ಡಿಂಗ್ ಏಳ್ತಾವ, ಪೇಂಟ್ ಹಚ್ತಾರ, ಒಳಗ ಮಾಸ್ತರ್ ಇಲ್ಲ. 2025ರ ಎಸ್‌ಎಸ್‌ಎಲ್‌ಸಿ ರಿಸಲ್ಟ್ ನೋಡ್ರಿ, ದಕ್ಷಿಣ ಕನ್ನಡ 91 ಪರ್ಸೆಂಟ್, ಕಲಬುರಗಿ 42. ಒಂದೇ ರಾಜ್ಯ, ಒಂದೇ ಪುಸ್ತಕ, ಒಂದೇ ಪರೀಕ್ಷಾ ಮಂಡಳಿ.

ಮುಖಂಡರನ್ನ ಕೂಡಿಸೂದು ಅಂದ್ರೆ ನಮ್ಮಲ್ಲಿ ವರ್ಷಾ ಸೆಪ್ಟೆಂಬರ್ 17ಕ್ಕ, ಕಲ್ಯಾಣ ಕರ್ನಾಟಕ ಉತ್ಸವಕ್ಕ, ಕೂಡ್ತಾರ, ಧ್ವಜ ಏರಿಸ್ತಾರ, ಭಾಷಣ ಮಾಡ್ತಾರ, ಹೋಗ್ತಾರ. ನನ್ನ ಪ್ರಶ್ನೆ ಏನಂದ್ರ ಎಸ್‌ಡಿಎಂಸಿ ಅಧ್ಯಕ್ಷನ್ನೇ ಗುಳೇ ಹೋಗಿದ್ರ ಮೀಟಿಂಗಿಗೆ ಯಾರು ಬರಬೇಕ್ರಿ? ನಮ್ಮ ತಾಂಡಾದಾಗ ಸುಗ್ಗಿ ಮುಗಿದ ಮ್ಯಾಲ ಅರ್ಧ ಮಂದಿ ಬೆಂಗಳೂರು, ಪುಣೆ ಕಡಿ ಹೋಗ್ತಾರ, ಕೂಸುಗೋಳನ್ನ ಕರ್ಕೊಂಡೇ ಹೋಗ್ತಾರ. ಹಾಜರಿ ಪುಸ್ತಕದಾಗ ಹುಡುಗ ಅದಾನ, ಅವ ಅಲ್ಲಿ ಸಿಮೆಂಟ್ ಚೀಲದ ಬಾಜೂಕ ಮಲಗ್ಯಾನ.

ಸಿಲ್ಕ್‌ಬೋರ್ಡ್_ಸೀನ
ಬೆಂಗಳೂರಿಂದ. ಐಟಿ ಕೆಲಸ. ಒಂದು ಸಜೆಷನ್: ಪ್ರತಿ ಶಾಲೇದೂ ಡೇಟಾ ಸರ್ಕಾರದ ಶಾಲಾ ಮಾಹಿತಿ ಪೋರ್ಟಲ್ ಯುಡೈಸ್‌ನಲ್ಲಿ ಇರುತ್ತಲ್ಲ, ಅದನ್ನ ಎತ್ತಿ ಒಂದು ಆ್ಯಪ್ ಮಾಡಿದ್ರೆ ಡ್ಯಾಶ್‌ಬೋರ್ಡ್‌ನಲ್ಲಿ ಯಾವ ಶಾಲೇಲಿ ಏನಿಲ್ಲ ಅಂತ ಕಾಣ್ಸುತ್ತೆ. ಕಂಪನಿಗಳ ಸಿಎಸ್‌ಆರ್ ಫಂಡ್ ತರಿಸ್ಬಹುದು, ನಮ್ಮ ಕಂಪನೀಲೇ ಪ್ರತಿ ವರ್ಷ ಶಾಲೆ ಹುಡುಕ್ತಾರೆ.

ಎಡದೊರೆನಾಡ_ಮಂದಿ
@ಸಿಲ್ಕ್‌ಬೋರ್ಡ್_ಸೀನ ಹುಡುಕ್ತಾರ, ಆದ್ರ ಆಫೀಸಿಂದ ಒಂದ್ ತಾಸಿನ ದಾರಿಯಾಗ ಹುಡುಕ್ತಾರ. ಶನಿವಾರ ಹೋಗಿ ಗ್ವಾಡಿಗೆ ಚಿತ್ರ ಬರದು ಸಂಜೀಕ ಮನೀಗೆ ಬರಬೇಕಲ್ಲ. ಲಿಂಗಸುಗೂರಿಗೆ ಯಾರ ಬರ್ತಾರ?

ಸಿಲ್ಕ್‌ಬೋರ್ಡ್_ಸೀನ
ಹಾಂ, ಒಪ್ಕೋತೀನಿ ಗುರೂ. ಆದ್ರೂ ಡೇಟಾ ಶೀಟ್ ಮಾಡ್ಕೊಡೋದು ನನ್ನ ಕೈಲಾಗುತ್ತೆ. ಓಪಿ (ಪ್ರಶ್ನೆ ಹಾಕಿದ ಅಪ್ಪ) ಅವರು ಶಾಲೆ ಪಟ್ಟಿ ಕಳಿಸಿದ್ರೆ ಶಾಲೆಗೊಂದು ಲೈನ್ ಥರ ಮಾಡಿ ಕಳಿಸ್ತೀನಿ, ಆ್ಯಪ್ ಗೀಪ್ ಬೇಡ.

ಗಾರ್ಮೆಂಟ್ಸ್_ಅಮ್ಮ
ನಾನು ಪೀಣ್ಯ ಕಡೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡ್ತೀನಿ. ಇಲ್ಲಿ ಎಲ್ಲಾರೂ ಹಳ್ಳಿ ಶಾಲೆ ಬಗ್ಗೆನೇ ಹೇಳ್ತಿದೀರ, ನಮ್ದೂ ಕೇಳಿ. ದೊಡ್ಡ ಮಗನಿಗೆ ಆರ್‌ಟಿಇ ಸೀಟು ಸಿಕ್ತು, ಪ್ರೈವೇಟ್ ಶಾಲೆ, 25 ಪರ್ಸೆಂಟ್ ಕೋಟಾ. ಚಿಕ್ಕವಳಿಗೆ ಅಪ್ಲೈ ಮಾಡೋಕೆ ಹೋದಾಗ 2019ರ ರೂಲ್ಸು ಬಂದಿತ್ತು, ಹತ್ರದಲ್ಲಿ ಸರ್ಕಾರಿ ಶಾಲೆ ಅಥವಾ ಅನುದಾನಿತ ಶಾಲೆ ಇದ್ರೆ ಪ್ರೈವೇಟಲ್ಲಿ ಆರ್‌ಟಿಇ ಇಲ್ಲ ಅಂತ. ಹೈಕೋರ್ಟೂ ಅದೇ ವರ್ಷ ಸರಿ ಅಂತು. ಆಮೇಲೆ ಒಂದೇ ಮನೇಲಿ ಅಣ್ಣ ಟೈ ಹಾಕ್ಕೊಂಡು ವ್ಯಾನಲ್ಲಿ ಹೋಗ್ತಿದ್ದ, ತಂಗಿ ನಡ್ಕೊಂಡು ಸರ್ಕಾರಿ ಶಾಲೆಗೆ. ಅಣ್ಣಂದೂ ಎಂಟನೇ ಕ್ಲಾಸಿಗೆ ಮುಗೀತು, ಒಂಬತ್ತಕ್ಕೆ ಫುಲ್ ಫೀಸ್ ಕಟ್ಟಿ ಅಂದ್ರು, ನಮ್ಮ ಕೈಲಾಗ್ಲಿಲ್ಲ, ಬಿಡಿಸಿ ಸರ್ಕಾರಿ ಹೈಸ್ಕೂಲಿಗೆ ಹಾಕಿದ್ವಿ.

ಸರ್ಕಾರಿ ಶಾಲೆಗೆ ಮಕ್ಕಳು ವಾಪಸ್ ಬರ್ಲಿ ಅಂತ ರೂಲ್ಸ್ ಮಾಡಿದೀವಿ ಅಂದ್ರು. ಸರಿ ಬಂದ್ವಿ. ಬಂದ್ಮೇಲೆ ಶಾಲೇಲಿ ಏನ್ ಹೆಚ್ಚು ಮಾಡಿದ್ರಿ ಅಂತ ಕೇಳೋಕೆ ಮೀಟಿಂಗ್ ಬೇಕು. ಆದ್ರೆ ಆ ಮೀಟಿಂಗು ಬುಧವಾರ ಬೆಳಗ್ಗೆ 11ಕ್ಕೆ ಇಟ್ರೆ ನಮ್ಮಂಥೋರಿಗೆ ಒಂದು ದಿನದ ಸಂಬಳ ಕಟ್ಟು. ನಮ್ಮ ಶಾಲೆ ಎಸ್‌ಡಿಎಂಸಿ ಮೀಟಿಂಗಿಗೆ ನಾನು ಹೋಗೋಕಾಗಲ್ಲ, ರೂಲ್ಸಲ್ಲಿ ಅರ್ಧ ಹೆಂಗಸ್ರು ಇರ್ಬೇಕು ಅಂತಿದೆ, ಸಹಿ ಮಾಡೋಕೆ ಪುಸ್ತಕ ಮನೆಗೇ ಬರುತ್ತೆ.

ಹಳೇ_ಪೇಪರ್
ಈ 'ನಾಯಕರನ್ನ ಒಂದುಗೂಡಿಸೋದು' ನಮಗೆ ಹೊಸದಲ್ಲ. ಎಸ್‌ಡಿಎಂಸಿ ಹುಟ್ಟಿದ್ದೇ ಹಾಗೆ. ರಾಜಾ ರಾಮಣ್ಣ ಅವರ ಅಧ್ಯಕ್ಷತೇಲಿ ಶಿಕ್ಷಣ ಕಾರ್ಯಪಡೆ ಇತ್ತು, ಅದರ ಬೆನ್ನಲ್ಲೇ 2001ರಲ್ಲಿ ಸರ್ಕಾರಿ ಆದೇಶ ಬಂತು, ಪೋಷಕರೇ ಆರಿಸೋ ಸಮಿತಿ. ಆಗಿನ್ನೂ ದೇಶಕ್ಕೆ ಆರ್‌ಟಿಇ ಇರ್ಲಿಲ್ಲ, ಕಾಯ್ದೆ ಬಂದಿದ್ದು 2009, ಜಾರಿ ಆಗಿದ್ದು 2010ರ ಏಪ್ರಿಲ್ 1. ಕಾಯ್ದೆ ಸಮಿತೀಲಿ ಮುಕ್ಕಾಲು ಪಾಲು ಪೋಷಕರು ಇರ್ಬೇಕು ಅನ್ನುತ್ತೆ, ನಾವು ಅದಕ್ಕಿಂತ ಎಂಟು ವರ್ಷ ಮುಂಚೆನೇ ಆ ದಾರಿ ಹಿಡಿದಿದ್ವಿ.

ಇನ್ನೊಂದು ನನಗಿಷ್ಟವಾದ ಉದಾಹರಣೆ ನಲಿ ಕಲಿ, ಆಟ, ಕಾರ್ಡುಗಳ ಮೂಲಕ ಕಲಿಸೋ ಪದ್ಧತಿ. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲೂಕಲ್ಲಿ ಶುರುವಾಗಿದ್ದು. ಯುನಿಸೆಫ್ ದುಡ್ಡು ಇತ್ತು, ಅಧಿಕಾರಿಗಳ ಒತ್ತಾಸೆ ಇತ್ತು, ಆದ್ರೆ ಆಂಧ್ರದ ಋಷಿ ವ್ಯಾಲಿ ಶಾಲೆಗೆ ಹೋಗಿ ನೋಡ್ಕೊಂಡು ಬಂದು ಕೂತು ಕಾರ್ಡ್ ಬರೆದೋರು ಅದೇ ತಾಲೂಕಿನ ಕಾಡಂಚಿನ ಶಾಲೆ ಮೇಷ್ಟ್ರುಗಳು. ಒಬ್ಬ ಮೇಷ್ಟ್ರು ಮೂರು ಕ್ಲಾಸು ಒಟ್ಟಿಗೆ ನಡೆಸೋ ಪರಿಸ್ಥಿತಿಗೆ ಅವರೇ ಹುಡುಕಿದ ದಾರಿ ಅದು. ಆಮೇಲೆ ಇಡೀ ರಾಜ್ಯಕ್ಕೆ ಆದೇಶದ ಮೂಲಕ ಹಂಚಿದಾಗ ಕಾರ್ಡು ಬಂತು, ಆ ಹುರುಪು ಎಲ್ಲಾ ಕಡೆ ಬರ್ಲಿಲ್ಲ. ನನ್ನ ಪ್ರಕಾರ ಯಾವ ಸಭೆ ಕೆಲಸ ಮಾಡುತ್ತೆ ಅಂದ್ರೆ ಎದುರಿಗಿರೋ ಸಮಸ್ಯೆಯನ್ನ ದಿನಾ ಅನುಭವಿಸೋನು ಅಲ್ಲಿ ಪೆನ್ನು ಹಿಡಿದು ಕೂತಿರ್ಬೇಕು, ಸಭಿಕನಾಗಿ ಅಲ್ಲ.

ನೇರ_ನುಡಿ
ಅದೆಲ್ಲಾ ಬಿಡ್ರೀ. ಎಂಎಲ್‌ಎ, ಬಿಇಒ, ಮೇಷ್ಟ್ರು, ಇವರ ಮಕ್ಕಳು ಎಲ್ಲಿ ಓದ್ತಾರೆ? ಮೊದಲು ಅವರನ್ನ ಸರ್ಕಾರಿ ಶಾಲೆಗೆ ಹಾಕ್ಸಿ, ಆರು ತಿಂಗಳಲ್ಲಿ ಎಲ್ಲಾ ಸರಿಹೋಗುತ್ತೆ, ಮೀಟಿಂಗೂ ಬೇಡ ಏನೂ ಬೇಡ.

ಹಳೇ_ಪೇಪರ್
@ನೇರ_ನುಡಿ 2015ರ ಆಗಸ್ಟಲ್ಲಿ ಅಲಹಾಬಾದ್ ಹೈಕೋರ್ಟು ಉತ್ತರ ಪ್ರದೇಶದಲ್ಲಿ ಇದನ್ನೇ ಹೇಳಿತ್ತು, ಸರ್ಕಾರದಿಂದ ಸಂಬಳ ತಗೊಳ್ಳೋರ ಮಕ್ಕಳು ಸರ್ಕಾರಿ ಪ್ರಾಥಮಿಕ ಶಾಲೇಲೇ ಓದ್ಬೇಕು ಅಂತ. ಹತ್ತು ವರ್ಷ ದಾಟಿತು, ಅಲ್ಲಿ ನಡೀತಾ? ಅದಕ್ಕೂ ಹಿಂದೆ 1964-66ರ ಕೊಠಾರಿ ಆಯೋಗ ನೆರೆಹೊರೆ ಶಾಲೆ, ಸಮಾನ ಶಾಲಾ ವ್ಯವಸ್ಥೆ ಅಂತ ಬರೆದಿಟ್ಟಿತ್ತು, ಬಡವನ ಮಗ ಶ್ರೀಮಂತನ ಮಗ ಒಂದೇ ಬೆಂಚು. ಆಸೆ ಒಳ್ಳೇದೇ. ಅದು ಆಗೋವರೆಗೂ ಓಪಿ ಮಗಳಿಗೆ ಗಣಿತ ಯಾರು ಹೇಳ್ಕೊಡ್ಬೇಕು?

ಗಡಿನಾಡ_ಕನ್ನಡತಿ
ನಾನು ಕಾಸರಗೋಡಿನವಳು ಮಾರಾಯ್ರೆ, ಕನ್ನಡ ಮೀಡಿಯಂನಲ್ಲೇ ಓದಿದ್ದು. ನಮ್ಮ ಕೇರಳದಲ್ಲಿ ಪ್ರೈಮರಿ ಶಾಲೆ ಗ್ರಾಮ ಪಂಚಾಯತಿಗೆ, ಹೈಸ್ಕೂಲು ಜಿಲ್ಲಾ ಪಂಚಾಯತಿಗೆ ಕೊಟ್ಟು ಎಷ್ಟೋ ವರ್ಷ ಆಯ್ತು, ತೊಂಬತ್ತರ ದಶಕದ ಜನತಾ ಯೋಜನೆಯ ಕಾಲದಲ್ಲಿ. ಪಂಚಾಯತಿ ಯೋಜನೆಯಲ್ಲಿಯೇ ಶಾಲೆಗೆ ಅಂತ ಹಣ ಉಂಟು. ಹಾಗಾಗಿ ವಾರ್ಡ್ ಮೆಂಬರ್ ಶಾಲೆಗೆ ಬರುವುದು ಆಗಸ್ಟ್ 15ಕ್ಕೆ ಮಾತ್ರ ಅಲ್ಲ. 2016ರ ನಂತರ ಸಾರ್ವಜನಿಕ ಶಿಕ್ಷಣ ಉಳಿಸುವ ಮಿಷನ್ ಮಾಡಿದರು, ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಒಂದು ಶಾಲೆಗೆ 5 ಕೋಟಿ, ಶಾಸಕರು, ಹಳೇ ವಿದ್ಯಾರ್ಥಿಗಳು, ಪಿಟಿಎ ಎಲ್ಲ ಸೇರಿ ಪ್ಲಾನ್ ಮಾಡುವುದು. ಖಾಸಗಿಯಿಂದ ಮಕ್ಕಳು ವಾಪಸು ಬಂದದ್ದನ್ನು ನಾನೇ ನೋಡಿದ್ದೇನೆ.

ಆದರೆ ಎಲ್ಲ ಚಂದ ಅಂತ ಎಣಿಸಬೇಡಿ. ನಮ್ಮ ಕನ್ನಡ ಶಾಲೆಗಳಿಗೆ ಕನ್ನಡವೇ ಬಾರದ ಮಲಯಾಳಿ ಟೀಚರುಗಳನ್ನು ಹಾಕಿ, ಮಕ್ಕಳು ಪೋಷಕರು ಗೇಟಿನಲ್ಲಿ ಕೂತು ಪ್ರತಿಭಟನೆ ಮಾಡಿದ್ದು ಒಂದೆರಡು ಸಲ ಅಲ್ಲ. ದೊಡ್ಡ ಮೇಜಿನಲ್ಲಿ ಎಲ್ಲ ನಾಯಕರೂ ಇದ್ದರು, ಸಣ್ಣ ಭಾಷೆಯವರು ಇರಲಿಲ್ಲ, ಅಷ್ಟೇ. ನಿಮ್ಮ ತಾಂಡಾದ ಮಕ್ಕಳಿಗೂ ಇದೇ ಕಥೆ ಇರಬಹುದು, ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಈಗ ಮೇಲಿಂದ ಇಂಗ್ಲಿಷ್.

ಬಯಲುಸೀಮೆ_ಅಪ್ಪ
ಎಲ್ರಿಗೂ ಥ್ಯಾಂಕ್ಸ್. ಕೆಡಿಪಿ ಬಗ್ಗೆ ನನಗೆ ಗೊತ್ತೇ ಇರ್ಲಿಲ್ಲ, ಮಾಜಿ_ಮೆಂಬರ್ ಅಕ್ಕ ಹೇಳಿದ್ದು ದೊಡ್ಡ ಉಪಕಾರ. ಹೋಗಿ ವಿಚಾರಿಸಿದೆ, ನಮ್ಮ ಪಂಚಾಯ್ತೀಲಿ ಮುಂದಿನ ಕೆಡಿಪಿಗೆ ಎಸ್‌ಡಿಎಂಸಿಯೋರನ್ನ ಕರೀಬಹುದು ಅಂದ್ರು ಪಿಡಿಒ, ಕರೀಲೇಬೇಕು ಅಂತೇನಿಲ್ಲ ಅಂತಾನೂ ಅಂದ್ರು.

ಇನ್ನೊಂದು ಭಯ ಕೇಳ್ಬೇಕು. ಹೋಬಳಿ ಕೇಂದ್ರದ ಶಾಲೇನ ಕೆಪಿಎಸ್, ಅಂದ್ರೆ ಕರ್ನಾಟಕ ಪಬ್ಲಿಕ್ ಸ್ಕೂಲ್, ಮಾಡ್ತಾರೆ, ಸುತ್ತಲಿನ ಸಣ್ಣ ಶಾಲೆಗಳನ್ನ ಅದಕ್ಕೆ ಸೇರಿಸ್ತಾರೆ ಅಂತ ಸುದ್ದಿ. ಮ್ಯಾಗ್ನೆಟ್ ಶಾಲೆ ಅಂತಿದಾರೆ. ಸರ್ಕಾರ ಯಾವ ಶಾಲೇನೂ ಮುಚ್ಚಲ್ಲ ಅಂತ ಹೇಳುತ್ತೆ, ಸಂಘಟನೆಯೋರು ಮುಚ್ತಾರೆ ಅಂತ ಹೋರಾಟ ಮಾಡ್ತಿದಾರೆ. ನಿಜ ಹೇಳ್ಬೇಕಂದ್ರೆ ನಮ್ಮ ಹೋಬಳಿ ಎಸ್‌ಡಿಎಂಸಿಯೋರೇ ಎರಡು ಪಾರ್ಟಿ ಆಗಿದೀವಿ. ಈ ವಿಷಯ ಸಭೇಲಿ ಎತ್ತಿದ್ರೆ ಸಭೇನೇ ಒಡೆದೋಗುತ್ತೆ ಅನ್ನಿಸ್ತಿದೆ, ಎತ್ತೋದು ಬೇಡ್ವಾ?

ಚಾಕ್‌ಪೀಸ್_ಮೇಷ್ಟ್ರು
ಎತ್ತಲೇಬೇಕು ಸರ್. ಅದನ್ನ ಬಿಟ್ಟು ಬೆಂಚು, ಬಣ್ಣ ಮಾತಾಡಿದ್ರೆ ಏನು ಉಪಯೋಗ.

ಎರಡೂ ಕಡೆ ನ್ಯಾಯ ಇದೆ. ಕೆಪಿಎಸ್‌ನಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಾಂಪೌಂಡು, ಕ್ಲಾಸಿಗೊಬ್ರು ಮೇಷ್ಟ್ರು, ಸೈನ್ಸಿಗೆ ಸೈನ್ಸ್ ಮೇಷ್ಟ್ರು. ನಾನೊಬ್ನೇ ಐದು ಕ್ಲಾಸು ನಡೆಸೋ ಶಾಲೇಲಿರೋ ಮಗುವಿಗೆ ಅದು ನಿಜವಾಗ್ಲೂ ಒಳ್ಳೇದು, ಅದನ್ನ ಅಲ್ಲಗಳೆಯೋದು ಮೋಸ. ಆದ್ರೆ ನಿಯಮದಲ್ಲಿ ಒಂದರಿಂದ ಐದನೇ ಕ್ಲಾಸಿಗೆ 1 ಕಿಲೋಮೀಟರ್ ಒಳಗೆ ಶಾಲೆ ಇರ್ಬೇಕು. ಆರು ವರ್ಷದ ಮಗು ಹೈವೇ ದಾಟಿ ಹೋಗ್ಬೇಕು ಅಂದ್ರೆ ಅಪ್ಪಅಮ್ಮ ಏನ್ಮಾಡ್ತಾರೆ? ಇದ್ದೋರು ಕಾನ್ವೆಂಟ್ ವ್ಯಾನಿಗೆ ಹಾಕ್ತಾರೆ, ಇಲ್ದೋರು ಅದರಲ್ಲೂ ಹೆಣ್ಮಕ್ಕಳನ್ನ ಮನೇಲಿ ಇಟ್ಕೋತಾರೆ. ಬಸ್ಸು ಬಿಡ್ತೀವಿ ಅಂತಾರೆ, ಮೊದಲ ವರ್ಷ ಬರುತ್ತೆ, ಡೀಸೆಲ್ ದುಡ್ಡು ಯಾರದು ಅನ್ನೋದು ಎರಡನೇ ವರ್ಷದ ಪ್ರಶ್ನೆ.

ಸಭೇಲಿ 'ಬೇಕಾ ಬೇಡ್ವಾ' ಅಂತ ಕೈ ಎತ್ತಿಸ್ಬೇಡಿ, ಹೋಬಳಿ ಕೇಂದ್ರದೋರು ಗೆಲ್ತಾರೆ, ಅವರ ಸಂಖ್ಯೆ ಜಾಸ್ತಿ. ಶಾಲೆ ಹೋಗೋ ಊರಿನ ಪೋಷಕರ ಸಭೆ ಆಗದೆ, ಅವರ ಠರಾವು ಇಲ್ಲದೆ ಸೇರ್ಪಡೆ ಇಲ್ಲ ಅನ್ನೋದೊಂದು ಒಪ್ಪಿಸಿ ಸಾಕು.

ಮಾಜಿ_ಮೆಂಬರ್
ಮೇಷ್ಟ್ರು ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ಎಲ್‌ಕೆಜಿ ಅಂದ ತಕ್ಷಣ ಅಂಗನವಾಡಿ ಟೀಚರ್‌ಗಳನ್ನ ಮರೀಬೇಡಿ. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ಶುರು ಮಾಡ್ತೀವಿ ಅಂದಾಗ ಅವರು ಫ್ರೀಡಂ ಪಾರ್ಕಲ್ಲಿ ಕೂತಿದ್ರು, ನಮ್ಮ ಮಕ್ಕಳೇ ಶಾಲೆಗೆ ಹೋದ್ರೆ ನಮ್ಮ ಕೇಂದ್ರದ ಗತಿ ಏನು ಅಂತ. ಅವರದ್ದು ಬೇರೆ ಇಲಾಖೆ, ಆದ್ದರಿಂದ ಶಿಕ್ಷಣದ ಸಭೆಗೆ ಯಾರೂ ಕರೆಯಲ್ಲ. ನೀವು ಕರೀರಿ.

ನೇರ_ನುಡಿ
ಇಂಗ್ಲಿಷ್ ಮೀಡಿಯಂ ಕೊಟ್ರೆ ಎಲ್ಲಾ ಶಾಲೇನೂ ತುಂಬ್ತಾವೆ ಅನ್ನೋದನ್ನ ಯಾರೂ ಹೇಳ್ತಿಲ್ವಲ್ಲ? 2019ರಲ್ಲಿ 1000 ಶಾಲೇಲಿ ಕೊಟ್ರು, ಜನ ಕ್ಯೂ ನಿಂತ್ರು.

ಗಡಿನಾಡ_ಕನ್ನಡತಿ
ಕೊಟ್ಟರು, ಆದರೆ ಇಂಗ್ಲಿಷಿನಲ್ಲಿ ಪಾಠ ಮಾಡುವ ಟೀಚರುಗಳನ್ನು ಎಲ್ಲಿಂದ ತಂದರು? ಇದ್ದವರಿಗೇ ಕೆಲವು ದಿನ ತರಬೇತಿ. ರಾಜ್ಯ ಶಿಕ್ಷಣ ನೀತಿಯ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ಐದನೇವರೆಗೆ ಕನ್ನಡ ಅಥವಾ ಮಾತೃಭಾಷೆ ಅಂತ ಉಂಟು, ಇತ್ತ ಶಾಲೆಗಳಲ್ಲಿ ಇಂಗ್ಲಿಷ್ ಸೆಕ್ಷನ್. ಈ ಜಗಳ ಶುರು ಮಾಡಿದರೆ ಇಲ್ಲಿಯೇ ಬೆಳಗಾಗ್ತದೆ, ಬೇರೆ ಚರ್ಚೆ ತೆಗೆಯಿರಿ.

ಗಾರ್ಮೆಂಟ್ಸ್_ಅಮ್ಮ
ಚಂದಾ ವಿಷಯಾನೂ ನೋಡ್ಕೊಳ್ಳಿ ಅಣ್ಣ. 2022ರಲ್ಲಿ ಎಸ್‌ಡಿಎಂಸಿಯೋರು ಪೋಷಕರ ಹತ್ರ ತಿಂಗಳಿಗೆ 100 ರೂಪಾಯಿ ತಗೋಬಹುದು ಅಂತ ಸುತ್ತೋಲೆ ಹೊರಡಿಸಿ ಗಲಾಟೆ ಆಗಿ ವಾಪಸ್ ತಗೊಂಡ್ರು. ದೊಡ್ಡೋರು ಸೇರಿದ ಸಭೆ ಅಂದ್ರೆ ಕೊನೇಲಿ 'ಪೋಷಕರೂ ಕೈ ಜೋಡಿಸ್ಬೇಕು' ಅಂತ ಹೇಳಿ ಡಬ್ಬಿ ಬರುತ್ತೆ. ಕೊಡೋ ಶಕ್ತಿ ಇರೋರು ಇಲ್ಲಿಗೆ ಮಕ್ಕಳನ್ನ ಕಳಿಸ್ತಿರ್ಲಿಲ್ಲ.

ಬಯಲುಸೀಮೆ_ಅಪ್ಪ
ಸರಿ, ಮಾತಾಡ್ಕೊಂಡು ಒಂದು ರೂಪಕ್ಕೆ ತಂದಿದೀವಿ. ಸ್ಟೇಜ್ ಇಲ್ಲ, ಹಾರ ಶಾಲು ಇಲ್ಲ, ಶಾಲೆ ವರಾಂಡದಲ್ಲಿ ಜಮಖಾನ ಹಾಸಿ ಸುತ್ತ ಕೂರೋದು. ಗೋಡೆ ಮೇಲೆ ಇಡೀ ಹೋಬಳಿ ಶಾಲೆಗಳ ಚಾರ್ಟು: ಮಕ್ಕಳೆಷ್ಟು, ಮಂಜೂರಾದ ಹುದ್ದೆ ಎಷ್ಟು, ಇರೋರೆಷ್ಟು, ನಿಯೋಜನೆ ಮೇಲೆ ಎಲ್ಲಿಗೆ ಹೋಗಿದಾರೆ. ಮೊದಲ ಮಾತು ಕಾಲೋನಿ, ಹಟ್ಟಿ, ತಾಂಡಾ ಶಾಲೆಯೋರದ್ದು, ಅವರು ಮುಗಿಸಿದ ಮೇಲೆ ನಾವು. ಕೇಳೋದು ಎರಡೇ. ಇಬ್ರೇ ಮೇಷ್ಟ್ರಿರೋ ಶಾಲೆಯಿಂದ ನಿಯೋಜನೆ ಮಾಡಬಾರ್ದು, ಮಾಡಿದ್ದನ್ನ ವಾಪಸ್ ತಗೋಬೇಕು. ಆ ಊರಿನ ಪೋಷಕರ ಠರಾವಿಲ್ಲದೆ ಶಾಲೆ ಸೇರ್ಪಡೆ ಬೇಡ. ಎಸ್‌ಡಿಎಂಸಿ ಅಧ್ಯಕ್ಷರು ಮೊದಲು ನಾವುನಾವೇ ಸೇರಿ, ಯಾರೂ ಇನ್ನೊಂದು ಊರಿನ ಮೇಷ್ಟ್ರನ್ನ ಕೇಳಲ್ಲ ಅಂತ ಬರೆದು ಸಹಿ ಹಾಕ್ತೀವಿ. ಅದೇ ಕಷ್ಟದ ಕೆಲಸ ಅಂತ ಗೊತ್ತು, ಈಗಾಗ್ಲೇ ಇಬ್ರು ಯೋಚನೆ ಮಾಡಿ ಹೇಳ್ತೀವಿ ಅಂದಿದಾರೆ, ಅವರ ಶಾಲೇಲಿ ನಿಯೋಜನೆ ಮೇಲೆ ಬಂದೋರು ಇದಾರೆ.

ಎಂಎಲ್‌ಎ ಪಿಎ ಡೇಟು ಕೇಳಿದಾರೆ. ಯಾವತ್ತು ಇಡೋದು?

ಚಾಕ್‌ಪೀಸ್_ಮೇಷ್ಟ್ರು
ಶನಿವಾರ ಇಡಿ, ಬೆಳಗಿನ ಕ್ಲಾಸು, ಮಧ್ಯಾಹ್ನ ಶಾಲೆ ಖಾಲಿ, ಹೆಡ್‌ಮಾಸ್ಟರ್‌ಗಳಿಗೆ ಓಓಡಿ (ಕೆಲಸದ ಮೇಲೆ ಹೊರಗೆ ಹೋಗೋ ಅನುಮತಿ) ಕೇಳೋ ತಾಪತ್ರಯ ಇಲ್ಲ. ಕೂಲಿಗೆ ಹೋಗೋರು ಬರ್ಬೇಕು ಅಂದ್ರೆ ಸಂಜೆ ನಾಲ್ಕರ ಮೇಲೆ.

ಎಡದೊರೆನಾಡ_ಮಂದಿ
ನಮ್ಮಲ್ಲಿ ಮಾಡೂದಿದ್ರ ಗುಳೇ ಹೋಗೂಕಿಂತ ಮೊದಲ ಮಾಡಬೇಕು, ಇಲ್ಲಂದ್ರ ಜಮಖಾನ ಅಷ್ಟೇ ಇರ್ತದ. ಸೀನಪ್ಪ, ನಿನ್ನ ಶೀಟ್ ನಮಗೂ ಕಳಸು, ನಾ ಎರಡು ಹೋಬಳಿ ಶಾಲಿ ಪಟ್ಟಿ ಕೊಡ್ತೀನಿ.

ಸಿಲ್ಕ್‌ಬೋರ್ಡ್_ಸೀನ
ಕಳಿಸ್ತೀನಿ. ಓಪಿ ಅವರ ಶೀಟಲ್ಲಿ ನಿಯೋಜನೆ ಆದೇಶ ಯಾವ ತಾರೀಖು, ಯಾರ ಸಹಿ ಅಂತ ಎರಡು ಕಾಲಮ್ ಸೇರಿಸಿದೀನಿ, ಅದು ಯುಡೈಸಲ್ಲಿ ಸಿಗಲ್ಲ, ಪ್ರತಿ ಶಾಲೇಲಿ ಕೇಳಿ ಪೆನ್ನಲ್ಲಿ ತುಂಬಿಸ್ಬೇಕು. ಪ್ರಿಂಟ್ ಎ3 ತೆಗೆಸಿ, ಎ4ನಲ್ಲಿ ಹಿಂದೆ ಕೂತೋರಿಗೆ ಕಾಣಲ್ಲ.